ತೊಳೆಯಬೇಡಿ, ಮೊದಲು ತೋರಿಸಿ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ನಾನು ಪಂಡಿತನಲ್ಲ. ವೈಟ್‌ಫೀಲ್ಡಿನ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಲೇತ್ ನಡೆಸಿದವನು. ಹಳೆಯ ನಾಣ್ಯ ಕೂಡಿಸುವ ಹುಚ್ಚಿದೆ ಎಂಬ ಒಂದೇ ಕಾರಣಕ್ಕೆ ಸಮಿತಿಯವರು ಮಾತಾಡಲು ಕರೆದಿದ್ದಾರೆ. ಆ ಹುಚ್ಚು ಹತ್ತಿದ್ದು ಇದೇ ಶಾಲೆಯಲ್ಲಿ, ನಾನು ಮಾಡಿದ ಒಂದು ತಪ್ಪಿನಿಂದ.

ಎಂಟನೇ ತರಗತಿಯಲ್ಲಿ ಟಿಪ್ಪು ಸುಲ್ತಾನನ ಪಾಠ ನಡೆಯುತ್ತಿತ್ತು. ಸಮಾಜದ ಮೇಷ್ಟ್ರು, "ಮನೇಲಿ ಹಳೇ ಕಾಸಿದ್ರೆ ತಂದು ತೋರಿಸ್ರೋ" ಅಂದರು. ನಮ್ಮಜ್ಜಿಯ ಎಲೆಅಡಿಕೆ ಚೀಲದಲ್ಲಿ ತಾಮ್ರದ ಆನೆ ಕಾಸೊಂದಿತ್ತು. ಕಪ್ಪಗಿತ್ತು. ಹಾಗೇ ಒಯ್ದರೆ ಮರ್ಯಾದೆಯಲ್ಲ ಎಂದು ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ಚೊಂಬು ಬೆಳಗಿದ ಹಾಗೆ ಬೆಳಗಿದೆ. ಫಳಫಳ ಹೊಳೆಯಿತು. ಮೇಷ್ಟ್ರು ಅತ್ತ ಇತ್ತ ತಿರುಗಿಸಿ ನೋಡಿ, "ಬರಹವೆಲ್ಲ ಉಜ್ಜಿಬಿಟ್ಟೆಯಲ್ಲೋ" ಅಂದರು. ಬೈಯಲಿಲ್ಲ. ಬೈದಿದ್ದರೆ ಮರೆತಿರುತ್ತಿದ್ದೆನೇನೋ.

ಟಿಪ್ಪುವಿನ ತಾಮ್ರದ ಕಾಸಿನಲ್ಲಿ ಒಂದು ಬದಿ ಆನೆ, ಇನ್ನೊಂದು ಬದಿ ಪಾರ್ಸಿ ಅಕ್ಷರದಲ್ಲಿ ಟಂಕಸಾಲೆಯ ಹೆಸರು. ಶ್ರೀರಂಗಪಟ್ಟಣ, ನಗರ, ಬೆಂಗಳೂರು, ಹೀಗೆ ಹಲವು ಕಡೆ ಅವನ ಟಂಕಸಾಲೆಗಳಿದ್ದವು. ಅಜ್ಜಿಯ ಕಾಸು ನಮ್ಮ ಬೆಂಗಳೂರಿನಲ್ಲೇ ಅಚ್ಚಾದದ್ದೋ ಏನೋ. ಆ ಹೆಸರು ಹುಣಸೆ ನೀರಿನ ಜೊತೆ ಬಚ್ಚಲಿಗೆ ಹೋಯಿತು.

ತಾಮ್ರದ ಮೇಲಿನ ಆ ಕಪ್ಪು ಕೊಳೆಯಲ್ಲ, ಗಾಳಿ ತಾಗಿ ವರ್ಷಾನುಗಟ್ಟಲೆ ಕಟ್ಟಿದ ಪದರ. ಒಳಗಿನ ಲೋಹವನ್ನು ಕಾಯುವುದೂ ಅದೇ. ವರಮಹಾಲಕ್ಷ್ಮಿ ಹಬ್ಬಕ್ಕೆ ಕಲಶದ ಬೆಳ್ಳಿ ರೂಪಾಯಿಯನ್ನು ವಿಭೂತಿ ಹಾಕಿ ತಿಕ್ಕುವ ತಾಯಂದಿರಿಗೆ ಕೈಮುಗಿದು ಹೇಳುತ್ತೇನೆ: ಪೂಜೆಗೆ ಬೇರೆ ಒಂದು ರೂಪಾಯಿ ಇಟ್ಟುಕೊಳ್ಳಿ. ಉಳಿದದ್ದನ್ನು ಅಂಚು ಹಿಡಿದು ಮಾತ್ರ ಎತ್ತಿ, ತೇವವಿಲ್ಲದ ಕಡೆ ಒಂದೊಂದನ್ನೂ ಬೇರೆ ಬೇರೆ ಇಡಿ. ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಜೇಬಿನ ಆಲ್ಬಮ್ ಬೇಡ. ಕೆಲವು ವರ್ಷಕ್ಕೆ ಅದು ಅಂಟಂಟಾಗಿ ನಾಣ್ಯಕ್ಕೆ ಹಸಿರು ಹಿಡಿಸುತ್ತದೆ.

ಕೊಳ್ಳುವಾಗಲೂ ನಾನು ಪೆಟ್ಟು ತಿಂದಿದ್ದೇನೆ. ಆರನೇ ಜಾರ್ಜ್‌ನ 1939ರ ಬೆಳ್ಳಿ ರೂಪಾಯಿ ಬಹಳ ಅಪರೂಪದ್ದು. ಒಂದು ವರ್ಷ ಬೋನಸ್ ಹಣವನ್ನೆಲ್ಲ ಒಬ್ಬ ವ್ಯಾಪಾರಿಗೆ ಸುರಿದು ಅದನ್ನು ತಂದೆ. ತೂಕ ಸರಿ, 11.66 ಗ್ರಾಂ. ಬೆಳ್ಳಿ ಸರಿ. ರಾಜನ ಮುಖ ಸರಿ. ಮನೆಯಲ್ಲಿ ಮಸೂರ ಹಿಡಿದಾಗ ಕೊನೆಯ ಅಂಕಿಯ ಸುತ್ತ ಅರ ಆಡಿಸಿದ ಗೀರು ಕಂಡಿತು. 1938ರ ನಾಣ್ಯದ 8 ಅನ್ನು ಕೆರೆದು 9 ಮಾಡಿದ್ದರು. ದಿನವಿಡೀ ಲೋಹ ಕೆರೆಯುವ ಕೆಲಸ ಮಾಡುವವನೇ ಮೋಸ ಹೋದೆ. ಹೆಂಡತಿಗೆ ಹೇಳಲು ಎರಡು ತಿಂಗಳು ಹಿಡಿಯಿತು.

ಮಾರುವವರಿಗೂ ಒಂದು ಮಾತು. ವಿಕ್ಟೋರಿಯಾ ರಾಣಿಯ ರೂಪಾಯಿಯಲ್ಲಿ ನೂರಕ್ಕೆ ಸುಮಾರು 92 ಪಾಲು ಬೆಳ್ಳಿಯಿದೆ. 1940ರಿಂದ ಅದು ಅರ್ಧಕ್ಕಿಳಿಯಿತು. ಹುಲಿ ಚಿತ್ರದ 1947ರ ರೂಪಾಯಿ ನಿಕ್ಕಲ್, ಬೆಳ್ಳಿಯೇ ಇಲ್ಲ. ಇಷ್ಟು ತಿಳಿದಿದ್ದರೆ ತಕ್ಕಡಿಯವನು ಎಲ್ಲವನ್ನೂ ಒಂದೇ ದರಕ್ಕೆ ಕೇಳಲಾರ. ಕಾಸಿನ ಸರಕ್ಕೆಂದು ಕೊಂಡಿ ಬೆಸೆದ ನಾಣ್ಯಕ್ಕೆ ಸಂಗ್ರಾಹಕರು ಹೆಚ್ಚು ಕೊಡುವುದಿಲ್ಲ, ಅದನ್ನು ಸರವಾಗಿಯೇ ಉಳಿಸಿಕೊಳ್ಳಿ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯಂತೆ ಪುರಾತನ ವಸ್ತು. ಅದರ ವ್ಯಾಪಾರ ಮಾಡುವವರಿಗೆ ಪರವಾನಗಿ ಬೇಕು. ದೇಶದ ಹೊರಗೆ ಕಳಿಸುವ ಹಾಗಿಲ್ಲ.

ಈಗ ಬೇಸರದ ಸಂಗತಿ. ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟಿಗೆ ಲಕ್ಷಗಟ್ಟಲೆ ಬೆಲೆ ಎಂದು ಮೊಬೈಲಿನಲ್ಲಿ ನೋಡಿ ನಮ್ಮ ಬೀದಿಯ ಅಕ್ಕ ಒಬ್ಬರು ಫೋನ್ ಮಾಡಿದರು. ಮೊದಲು ನೋಂದಣಿ ಶುಲ್ಕ, ಆಮೇಲೆ ತೆರಿಗೆ ಎಂದು ಅವರಿಂದಲೇ ಹಣ ಕಟ್ಟಿಸಿಕೊಂಡರು. ಹೂವು ಮಾರಿ ಕೂಡಿಟ್ಟ ದುಡ್ಡು. ಇಂಥ ಶುಲ್ಕ, ಕಮಿಷನ್ ತಾನು ಕೇಳುವುದಿಲ್ಲ, ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಪ್ರಕಟಣೆ ಕೊಟ್ಟಿದೆ. ಕೊಳ್ಳುವವನು ಹಣ ಕೊಡಬೇಕೇ ಹೊರತು ಕೇಳಬಾರದು, ಅಲ್ಲವೇ?

ನಮ್ಮ ಸುತ್ತ ರಾಗಿ ಹೊಲಗಳು ಹೋಗಿ ದಿನವೂ ಪಾಯ ತೋಡುತ್ತಿದ್ದಾರೆ. 1891ರಲ್ಲಿ ಯಶವಂತಪುರದಲ್ಲಿ ರೈಲಿನ ಕೆಲಸಕ್ಕೆ ನೆಲ ಅಗೆದಾಗ ಅಗಸ್ಟಸ್, ಟೈಬೀರಿಯಸ್ ಮುಂತಾದ ರೋಮ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳು ಸಿಕ್ಕಿದ್ದವು. ಎಚ್.ಎ.ಎಲ್. ವಿಮಾನ ನಿಲ್ದಾಣದ ಕಡೆಯೂ ಅಂಥವು ಸಿಕ್ಕಿವೆ. ಅದು ಇಲ್ಲಿಗೆಷ್ಟು ದೂರ? ನಾಳೆ ನಮ್ಮೂರಿನ ಜೆಸಿಬಿಗೂ ಒಂದು ಗಡಿಗೆ ತಗಲಬಹುದು. ಹಂಚಿಕೊಂಡು ಕರಗಿಸಿದರೆ ಸಿಗುವುದು ಬೆಳ್ಳಿಯ ದರ ಮಾತ್ರ, ಜೊತೆಗೆ ಕೇಸು. ಗಡಿಗೆ ಇದ್ದ ಹಾಗೇ ಬಿಟ್ಟು ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕು, ಕಾನೂನಿರುವುದೂ ಹಾಗೆಯೇ.

ಮಕ್ಕಳೇ, ನಿಮಗೆ ದುಡ್ಡು ಖರ್ಚಿಲ್ಲದ ಆಟವೊಂದಿದೆ. ಜೇಬಿನ ನಾಣ್ಯದಲ್ಲಿ ಇಸವಿಯ ಕೆಳಗೆ ನೋಡಿ. ವಜ್ರದ ಗುರುತಿದ್ದರೆ ಮುಂಬೈ, ನಕ್ಷತ್ರವಿದ್ದರೆ ಹೈದರಾಬಾದ್, ಚುಕ್ಕೆಯಿದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ.

ಊಟವಾದ ಮೇಲೆ ಎಂಟನೇ ತರಗತಿಯ ಕೋಣೆಯಲ್ಲಿ ಮಸೂರ, ತಕ್ಕಡಿ ಇಟ್ಟುಕೊಂಡು ಕೂತಿರುತ್ತೇನೆ. ಅಜ್ಜಿಯ ಆನೆ ಕಾಸೂ ಮೇಜಿನ ಮೇಲಿರುತ್ತದೆ. ಮನೆಯಲ್ಲಿ ಹಳೆಯ ಕಾಸಿದ್ದವರು ಹೋಗಿ ತನ್ನಿ. ದಯವಿಟ್ಟು ತೊಳೆದು ತರಬೇಡಿ.