ಹಳೇ ಒಲೆಯ ಜಾಗದಲ್ಲಿ ಹೊಸ ಒಲೆ
(ಸಂಜೆ ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ಹೋದ ವಾರ ನಾವು 'ಒಲೆ' ಎಂಬ ಪದ ಬರೆದೆವು. ಎರಡೇ ಅಕ್ಷರ. ಆ ಎರಡಕ್ಷರದ ಮುಂದೆ ನಾವು ದಿನಕ್ಕೆ ಎಷ್ಟು ಹೊತ್ತು ಕೂರುತ್ತೇವೆ? ಬೆಳಗ್ಗೆ ಹಿಟ್ಟಿಗೆ ಎಸರು. ಆಮೇಲೆ ಸಾರು. ಸಂಜೆ ಮತ್ತೆ ಹಿಟ್ಟು. ಕಣ್ಣಲ್ಲಿ ನೀರು, ಕೈಯಲ್ಲಿ ಊದುಕೊಳವೆ.

"ಮೇಡಂ, ನಮ್ಮನೇಲಿ ಗ್ಯಾಸ್ ಇದೆ" ಅಂತ ನೀವು ಹೇಳಬಹುದು. ನಿಜ. 2016ರಲ್ಲಿ ಉಜ್ವಲ ಯೋಜನೆ ಬಂತು. ಬಹಳ ಮನೆಗೆ ಸಿಲಿಂಡರ್ ಬಂತು. ಗ್ಯಾಸಿನಲ್ಲಿ ಹೊಗೆ ಇಲ್ಲ. ಆಗುವವರು ಅದರಲ್ಲೇ ಅಡುಗೆ ಮಾಡಿ. ಆದರೆ ಹೇಳಿ, ಹಿಟ್ಟು ಬೇಯಿಸುವುದು ಯಾವುದರಲ್ಲಿ? ಸ್ನಾನಕ್ಕೆ ನೀರು ಕಾಯಿಸುವುದು ಯಾವುದರಲ್ಲಿ? ಗ್ಯಾಸಿನಲ್ಲಿ ಟೀ ಕಾಯಿಸಿ ಉಳಿಸಿಕೊಳ್ಳುತ್ತೇವೆ. ಸಿಲಿಂಡರಿಗೆ ದುಡ್ಡು ಕೊಡಬೇಕು. ತೋಟದ ಗರಿ, ಎಡೆಮಟ್ಟೆ, ಹೊಂಬಾಳೆ, ಚಿಪ್ಪು ಪುಕ್ಕಟೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಸೌದೆಗೆ ಬರ ಇಲ್ಲ. ಅದಕ್ಕೇ ಸೌದೆ ಒಲೆಯೂ ಹೋಗಿಲ್ಲ, ಹೊಗೆಯೂ ಹೋಗಿಲ್ಲ.

ಹೊಗೆ ಬರೀ ಕಣ್ಣು ಉರಿಸುವುದಿಲ್ಲ. ಎದೆಯೊಳಗೆ ಇಳಿಯುತ್ತದೆ. ಕಂಕುಳಲ್ಲಿರುವ ಕೂಸಿಗೆ ನ್ಯುಮೋನಿಯಾ ಬರಬಹುದು. ದೊಡ್ಡವರಿಗೆ ಬಿಡದ ಕೆಮ್ಮು, ದಮ್ಮು. ಕಣ್ಣಿಗೆ ಪೊರೆ ಬರುವುದಕ್ಕೂ ಅದು ಒಂದು ಕಾರಣ. ಮನೆಯೊಳಗಿನ ಹೊಗೆಯಿಂದ 2020ರ ಒಂದೇ ವರ್ಷದಲ್ಲಿ ಪ್ರಪಂಚದಲ್ಲಿ ಸುಮಾರು 32 ಲಕ್ಷ ಜನ ಸತ್ತರು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ನಮ್ಮತ್ತೆ ಬೀಡಿ ಮುಟ್ಟಿದವರಲ್ಲ. ಆದರೂ ಡಾಕ್ಟರು ಕೇಳಿದ್ದು, "ಅಜ್ಜಿ, ಬೀಡಿ ಸೇದ್ತೀರಾ?" ಅಂತ. ಅವರು ಸೇದಿದ್ದು ನಲವತ್ತು ವರ್ಷದ ಒಲೆ ಹೊಗೆ.

ಇದಕ್ಕೆ ದಾರಿ ಹುಡುಕಿದವರು ದೂರದವರಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ 'ಅಸ್ತ್ರ' ಎಂಬ ವಿಭಾಗ ಶುರುವಾಯಿತು. ಹಳ್ಳಿಗೆ ವಿಜ್ಞಾನ ತರುವುದು ಅದರ ಕೆಲಸ. ಅಮೂಲ್ಯ ರೆಡ್ಡಿ ಎಂಬ ವಿಜ್ಞಾನಿ ಅದನ್ನು ಕಟ್ಟಿದರು. ಅವರು ನಮ್ಮ ಜಿಲ್ಲೆಯ ಕುಣಿಗಲ್ ತಾಲೂಕಿನ ಉಂಗ್ರ ಗ್ರಾಮದಲ್ಲಿ ಕೇಂದ್ರ ಮಾಡಿದರು. ಸುತ್ತಲ ಹಳ್ಳಿಗಳಲ್ಲಿ ಹೆಂಗಸರು ಸೌದೆಗೆ, ನೀರಿಗೆ ಎಷ್ಟು ನಡೆಯುತ್ತಾರೆ ಎಂದು ಲೆಕ್ಕ ಹಾಕಿದರು. ಅಲ್ಲಿಂದ ಹುಟ್ಟಿದ್ದು ಅಸ್ತ್ರ ಒಲೆ. ಹಳೇ ಒಲೆಯಲ್ಲಿ ಹತ್ತು ಕಟ್ಟು ಸೌದೆ ಉರಿದರೆ ಸುಮಾರು ಒಂದು ಕಟ್ಟಿನ ಶಾಖ ಮಾತ್ರ ಪಾತ್ರೆಗೆ ಸೇರುತ್ತದೆ. ಉಳಿದದ್ದು ಗಾಳಿಗೆ. ಅಸ್ತ್ರ ಒಲೆ ಪ್ರಯೋಗಾಲಯದಲ್ಲಿ ನಾಲ್ಕು ಕಟ್ಟಿನ ಶಾಖ ಹಿಡಿಯಿತು. ಮನೆಯಲ್ಲಿ ಅಷ್ಟು ಬರುವುದಿಲ್ಲ. ಆದರೂ ಹಳೇ ಒಲೆಗಿಂತ ಬಹಳ ಮೇಲು.

ಒಲೆ ಹೇಗಿರುತ್ತದೆ? ಮೂರು ಬಾಯಿ ಇರುತ್ತವೆ. ಸೌದೆ ಉರಿಯುವ ಗೂಡಿನ ತಳದಲ್ಲಿ ಕಬ್ಬಿಣದ ಜಾಲರಿ ಇದೆ. ಬೂದಿ ಕೆಳಗೆ ಬೀಳುತ್ತದೆ, ಗಾಳಿ ಕೆಳಗಿಂದ ಮೇಲೆ ಬರುತ್ತದೆ. ಊದುವ ಕೆಲಸ ಕಡಿಮೆ. ಬೆಂಕಿ ಮೊದಲ ಪಾತ್ರೆಯ ತಳ ಸವರಿ ಎರಡನೆಯದಕ್ಕೆ ಹೋಗುತ್ತದೆ. ಆಮೇಲೆ ಮೂರನೆಯದಕ್ಕೆ. ಕೊನೆಗೆ ಹೊಗೆ ಕೊಳವೆಯಲ್ಲಿ ಏರಿ ಸೂರಿನ ಆಚೆ ಹೋಗುತ್ತದೆ. ಹಿಟ್ಟು ಒಂದರಲ್ಲಿ, ಸಾರು ಒಂದರಲ್ಲಿ, ಬಿಸಿನೀರು ಒಂದರಲ್ಲಿ. ಉರಿ ಮಾತ್ರ ಒಂದೇ.

ನಾನು ಇದನ್ನು ಹಾಕಿಸಲು ಹೊರಟಾಗ ನಮ್ಮತ್ತೆ ಒಪ್ಪಲಿಲ್ಲ. "ಹೊಗೆ ಹೊರಗೆ ಹೋದ್ರೆ ಅಟ್ಟದ ಕಾಯಿ ಗತಿ ಏನವ್ವ? ಕೊಬ್ಬರಿ ಕೆಟ್ಟೋಗುತ್ತೆ" ಅಂದರು. ಇದು ಸುಮ್ಮನೆ ತಳ್ಳಿಹಾಕುವ ಮಾತಲ್ಲ. ಹತ್ತು ಹನ್ನೊಂದು ತಿಂಗಳು ಕಾಯಿ ಅಟ್ಟದ ಮೇಲೆ ಇರುತ್ತದೆ. ವರ್ಷದ ದುಡ್ಡೇ ಅದು. ನಾನು ಅವರನ್ನು ಪಕ್ಕದ ಬೀದಿಯ ಮನೆಗೆ ಕರೆದುಕೊಂಡು ಹೋದೆ. ಅಲ್ಲಿ ಕಾಯಿ ಅಟ್ಟ ಅಡುಗೆಮನೆಯಿಂದ ಬೇರೆ. ಹೊಗೆ ತಾಗುವುದೇ ಇಲ್ಲ. ಉಂಡೆ ಕೊಬ್ಬರಿ ಒಳಗೆ ಗಡಗಡ ಅಂತಿತ್ತು. ಅತ್ತೆ ಎರಡು ಕಾಯಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರು. "ಸರಿ, ಕಟ್ಟಿಸು" ಅಂದರು.

ಹಳೇ ಒಲೆಯನ್ನು ಕಿತ್ತೆವು. ಅದು ಹೊರಗೋಡೆಯ ಮೂಲೆಯಲ್ಲೇ ಇತ್ತು, ಹಾಗಾಗಿ ಜಾಗ ಬದಲಿಸಲಿಲ್ಲ. ಹುತ್ತದ ಮಣ್ಣು, ಸಗಣಿ, ಹೊಟ್ಟು ಕಲಸಿ ಎರಡು ದಿನ ಕೊಳೆಹಾಕಿದೆವು. ಇಟ್ಟಿಗೆಯಲ್ಲಿ ಕಟ್ಟಿ ಈ ಮಣ್ಣು ಮೆತ್ತಿದೆವು. ಗಾರೆಯವರು ತಮಗೆ ತೋಚಿದ ಅಳತೆಗೆ ಬಾಯಿ ಬಿಡಲು ಹೋದರು. ನಾನು ತಡೆದೆ. ನಾವು ಹಿಟ್ಟು ತೊಳಸುವಾಗ ಪಾತ್ರೆಗೆ ಎಷ್ಟು ಭಾರ ಬೀಳುತ್ತದೆ ಎಂದು ಅವರಿಗೇನು ಗೊತ್ತು? ಬಾಯಿ ದೊಡ್ಡದಾದರೆ ಪಾತ್ರೆ ಅಲ್ಲಾಡುತ್ತದೆ, ಬಿಸಿ ಹಿಟ್ಟು ಕಾಲ ಮೇಲೆ. ಸಂದಿನಲ್ಲಿ ಹೊಗೆ ಬೇರೆ. ನಮ್ಮ ಹಿಟ್ಟಿನ ಪಾತ್ರೆಯನ್ನೇ ಹಸಿ ಮಣ್ಣಿನ ಮೇಲೆ ಕೂರಿಸಿ, ಒತ್ತಿ, ತಿರುಗಿಸಿ ಬಾಯಿ ಮಾಡಿಸಿದೆ.

ತಪ್ಪು ನನ್ನಿಂದಲೂ ಆಯಿತು. ದುಡ್ಡು ಉಳಿಸಲು ಹೋಗಿ ಕೊಳವೆ ಗಿಡ್ಡ ಮಾಡಿಸಿದೆ. ಹೆಂಚಿನಿಂದ ಒಂದು ಗೇಣು ಮೇಲೆ, ಅಷ್ಟೆ. ಆಷಾಢದ ಗಾಳಿ ಬೀಸಿತು ನೋಡಿ, ಹೊಗೆಯೆಲ್ಲ ವಾಪಸ್ಸು ಒಳಗೆ. ಅತ್ತೆ ಬಾಯಿ ತೆಗೆಯಲಿಲ್ಲ, ಸುಮ್ಮನೆ ಊದುಕೊಳವೆ ತಂದು ನನ್ನ ಮುಂದಿಟ್ಟರು. ಆಮೇಲೆ ಇನ್ನೊಂದು ತುಂಡು ಸೇರಿಸಿದೆವು. ಸೂರಿನಿಂದ ಎರಡು ಮೂರು ಅಡಿಯಾದರೂ ಮೇಲಿರಲಿ. ಮಳೆ ಬೀಳದಂತೆ ತಲೆಗೆ ಟೋಪಿ ಇರಲಿ. ಕೊಳವೆ ಅಟ್ಟದ ಕಾಯಿ, ಸಿಪ್ಪೆ, ನಾರಿನ ಹತ್ತಿರ ಹಾದುಹೋಗಬಾರದು, ಬೆಂಕಿ ಹತ್ತುತ್ತದೆ. ಸೋಗೆ ಸೂರಿನ ಮನೆಯಾದರೆ ಕೊಳವೆಯನ್ನು ಗೋಡೆಯಿಂದಲೇ ಹೊರಗೆ ತೆಗೆದು, ಸೂರಿನಿಂದ ದೂರ ನಿಲ್ಲಿಸಬೇಕು. ಹಳೇ ಕಲ್ನಾರಿನ ಕೊಳವೆ ಅಗ್ಗಕ್ಕೆ ಸಿಕ್ಕರೂ ಬೇಡ. ಅದರ ಧೂಳು ಶ್ವಾಸಕೋಶಕ್ಕೆ ವಿಷ.

ಮಣ್ಣು ನೆರಳಲ್ಲಿ ಚೆನ್ನಾಗಿ ಒಣಗಲಿ. ಆತುರಪಟ್ಟು ದೊಡ್ಡ ಉರಿ ಹಾಕಿದರೆ ಬಿರುಕು ಬಿಡುತ್ತದೆ. ಮೊದಲು ಒಂದು ಹಿಡಿ ಗರಿ ಉರಿಸಿ ಕೊಳವೆ ಬಿಸಿಮಾಡಿ. ಆಮೇಲೆ ಸೌದೆ ಹಾಕುವ ಬಾಯಿಯ ಹತ್ತಿರ ಊದುಬತ್ತಿ ಹಿಡಿಯಿರಿ. ಬತ್ತಿಯ ಹೊಗೆ ಒಳಗೆ ಎಳೆದುಕೊಂಡರೆ ಒಲೆ ಸರಿಯಾಗಿದೆ. ನಿಮ್ಮ ಮುಖಕ್ಕೆ ಬಂದರೆ ಎಲ್ಲೋ ಸಂದು ಬಿಟ್ಟಿದೆ, ಇಲ್ಲ ಕೊಳವೆ ಕಟ್ಟಿದೆ.

ಮೂರು ಬಾಯಲ್ಲಿ ಒಂದು ಖಾಲಿ ಇದ್ದರೆ ಮುಚ್ಚಿ. ಇಲ್ಲವೇ ನೀರಿನ ಪಾತ್ರೆ ಇಡಿ. ತೆರೆದಿಟ್ಟರೆ ಹೊಗೆ ಅಲ್ಲೇ ಮೇಲೇಳುತ್ತದೆ. ಎಡೆಮಟ್ಟೆಯನ್ನು ಸಣ್ಣದಾಗಿ ಸೀಳಿ ಹಾಕಿ. ಹಸಿ ಸಿಪ್ಪೆ ಬೇಡ. ಚಿಪ್ಪು ಜೋರು ಉರಿ, ಒಂದೆರಡು ಸಾಕು. ತಿಂಗಳಿಗೊಮ್ಮೆ ಕೋಲಿಗೆ ತೆಂಗಿನ ನಾರು ಸುತ್ತಿ ಕೊಳವೆಯೊಳಗಿನ ಮಸಿ ತೆಗೆಯಿರಿ. ಈ ಕೆಲಸ ಗಂಡಸರೂ ಮಾಡಬಹುದು. ನಮ್ಮನೆಯಲ್ಲಿ ಅವರದೇ ಪಾಳಿ.

ಅತ್ತೆಯ ಕೆಮ್ಮು ಪೂರ್ತಿ ಹೋಗಿಲ್ಲ. ನಲವತ್ತು ವರ್ಷದ್ದು ಎಲ್ಲಿ ಹೋಗುತ್ತದೆ? ಆದರೆ ಈಗ ಅವರು ಅಡುಗೆಮನೆಯಲ್ಲೇ ಕೂತು ಕಾಳು ಬಿಡಿಸುತ್ತಾರೆ. ಮೊದಲು ಉರಿ ಹಚ್ಚಿದರೆ ಜಗಲಿಗೆ ಎದ್ದು ಹೋಗುತ್ತಿದ್ದರು.

ಸೋಮವಾರ ಬರುವಾಗ ಎಲ್ಲರೂ ಒಂದು ದಾರ ತನ್ನಿ. ನಿಮ್ಮ ಹಿಟ್ಟಿನ ಪಾತ್ರೆ ಒಲೆಯೊಳಗೆ ಎಲ್ಲಿಯವರೆಗೆ ಇಳಿಯಬೇಕೋ ಅಲ್ಲಿ ದಾರ ಸುತ್ತಿ, ಗಂಟು ಹಾಕಿ ತನ್ನಿ. ದಾರದ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಕಡಿಮೆ, ಅದೇ ಬಾಯಿಯ ಅಗಲ. ಸ್ಕೇಲು ನಾನು ತರುತ್ತೇನೆ. ಅಳತೆಯನ್ನು ನಿಮ್ಮ ಪುಸ್ತಕದಲ್ಲಿ ನೀವೇ ಬರೆಯಿರಿ. ಗಾರೆಯವರು ಬಂದಾಗ ಆ ಹಾಳೆ ತೋರಿಸಿ.