ತಪ್ಪು ಯಾರ ಮನೆಯಲ್ಲಿ?



ಇವತ್ತು ರಾಜಕೀಯ ಬೇಡ. ಇವತ್ತು ಒಂದು ಗೇಮ್ ವಿಷಯ ಮಾತಾಡ್ತೀನಿ. "ಇದೇನಪ್ಪ, ನ್ಯೂಸ್ ಚಾನೆಲ್‌ನಲ್ಲಿ ಮಕ್ಕಳ ಆಟ?" ಅಂತ ರಿಮೋಟ್ ಕೈಗೆ ತಗೋಬೇಡಿ. ಹತ್ತು ನಿಮಿಷ ಕೊಡಿ. ನಿಮ್ಮ ಮನೆಯಲ್ಲಿ ವೈಫೈ ಇದ್ದು, ಹೈಸ್ಕೂಲಿಗೆ ಹೋಗೋ ಮಗನೋ ಮಗಳೋ ಇದ್ದರೆ ಇದು ನಿಮ್ಮ ಮನೆಯದೇ ಸುದ್ದಿ.

ಹಾಸನದಲ್ಲಿ ನಮ್ಮ ಅಕ್ಕನ ಮನೆ. ಅಕ್ಕನ ದೊಡ್ಡ ಮಗ ಒಂಬತ್ತನೇ ಕ್ಲಾಸು. ಅವನಿಗೊಬ್ಬ ಜೀವದ ಗೆಳೆಯ. ಎರಡನೇ ಕ್ಲಾಸಿನಿಂದ ಇಬ್ಬರದೂ ಒಂದೇ ಬೆಂಚು. ಈ ಬೇಸಿಗೆಯಲ್ಲಿ ಆ ಹುಡುಗನ ತಂದೆಗೆ ಹುಬ್ಬಳ್ಳಿಗೆ ಟ್ರಾನ್ಸ್‌ಫರ್ ಆಯ್ತು. ಮನೆ ಸಾಮಾನು ಲಾರಿಗೆ ಏರಿದ ದಿನ ಇಬ್ಬರೂ ಒಂದು ಮಾತು ಮಾಡಿಕೊಂಡಿದ್ದರು. ದಿನಾ ರಾತ್ರಿ ಎಂಟು ಗಂಟೆಗೆ ಮೈನ್‌ಕ್ರಾಫ್ಟ್‌ನಲ್ಲಿ ಸಿಗೋಣ ಅಂತ.

ಮೈನ್‌ಕ್ರಾಫ್ಟ್ ಗೊತ್ತಿಲ್ಲದ ಹಿರಿಯರಿಗೆ ಹೇಳ್ತೀನಿ. ಸ್ವೀಡನ್‌ನಲ್ಲಿ ಹುಟ್ಟಿದ ಆಟ ಅದು. ಚೌಕ ಚೌಕದ ಇಟ್ಟಿಗೆ ಜೋಡಿಸಿ ಮನೆ, ಸೇತುವೆ, ಊರು ಕಟ್ತಾ ಹೋಗಬಹುದು. ಈ ಇಬ್ಬರೂ ಎರಡು ವರ್ಷದಿಂದ ಒಂದು ಊರು ಕಟ್ಟಿದ್ದರು. ಕೆರೆ, ಕೆರೆ ಏರಿ, ಬಸ್ ಸ್ಟ್ಯಾಂಡ್, ಕೊನೆಗೆ ಅವರ ಸ್ಕೂಲು ಕೂಡ. ಆ ಊರೆಲ್ಲಾ ಇರೋದು ನಮ್ಮ ಹುಡುಗನ ಲ್ಯಾಪ್‌ಟಾಪಿನಲ್ಲಿ. ಮೊದಲು ಗೆಳೆಯ ಅಪ್ಪನ ಲ್ಯಾಪ್‌ಟಾಪ್ ಹಿಡಿದುಕೊಂಡು ಮನೆಗೇ ಬರ್ತಿದ್ದ. ಒಂದೇ ವೈಫೈ, ಒಂದೇ ಮಂಚ, ಇಬ್ಬರೂ ಆಡ್ತಿದ್ದರು.

ಹುಬ್ಬಳ್ಳಿಯಿಂದ ಅದು ಆಗಲಿಲ್ಲ. ಮೊದಲ ದಿನ ಆಗಲಿಲ್ಲ. ಒಂದು ವಾರ ಆದರೂ ಆಗಲಿಲ್ಲ. ಗೆಳೆಯ ಮೆಸೇಜ್ ಹಾಕ್ತಾನೆ: "ಕನೆಕ್ಷನ್ ಟೈಮ್ಡ್ ಔಟ್ ಅಂತ ಬರ್ತಿದೆ." ಹತ್ತನೇ ದಿನ ನಮ್ಮ ಹುಡುಗ ತೀರ್ಮಾನಕ್ಕೆ ಬಂದುಬಿಟ್ಟ. ಅವನಿಗೆ ಅಲ್ಲಿ ಹೊಸ ಫ್ರೆಂಡ್ಸ್ ಸಿಕ್ಕಿದ್ದಾರೆ, ಇದೆಲ್ಲಾ ನೆಪ. ಗೆಳೆಯ ಸ್ಕ್ರೀನ್‌ಶಾಟ್ ಕಳಿಸಿದರೆ, "ಎಡಿಟ್ ಮಾಡಿರ್ತಾನೆ" ಅಂದ. ಆಮೇಲೆ ನಂಬರ್ ಬ್ಲಾಕ್ ಮಾಡಿದ. ಊಟ ಸರಿಯಾಗಿ ಮಾಡ್ತಿಲ್ಲ ಅಂತ ಅಕ್ಕ ನನಗೆ ಫೋನ್ ಮಾಡಿದಳು.

ನಾನು ಎಂಜಿನಿಯರಿಂಗ್ ಓದಿ ಟೀವಿಗೆ ಬಂದವನು. ನೆಂಟರಲ್ಲಿ ಯಾರ ಮನೆ ವೈಫೈ ಕೆಟ್ಟರೂ ಫೋನ್ ಬರೋದು ನನಗೇ. ಆವತ್ತು ಬುಲೆಟಿನ್‌ಗೆ ಇನ್ನು ಇಪ್ಪತ್ತು ನಿಮಿಷ ಇತ್ತು. ಮೇಕಪ್ ರೂಮಿನಲ್ಲಿ ಕೂತು ನಾನು ಕೊಟ್ಟ ಮೊದಲ ಸಲಹೆ ಏನು ಗೊತ್ತಾ? "ನಿನ್ನ ಫ್ರೆಂಡ್‌ಗೆ ರೂಟರ್ ಆಫ್ ಮಾಡಿ ಆನ್ ಮಾಡೋಕೆ ಹೇಳು." ಅಂದರೆ ನಾನೂ ಏನೂ ನೋಡದೆ ಆ ಹುಬ್ಬಳ್ಳಿ ಹುಡುಗನ ಕಡೆಗೇ ಬೆರಳು ತೋರಿಸಿದೆ. ನಮ್ಮ ವೃತ್ತಿಯ ಅಭ್ಯಾಸ ಇರಬಹುದು.

ಅವನು ಬ್ಲಾಕ್ ತೆಗೆದು ಹೇಳಿದ. ಆ ಹುಡುಗ ಪಾಪ ತಕ್ಷಣ ಆಫ್ ಮಾಡಿ ಆನ್ ಮಾಡಿದ. ಅದೇ ಟೈಮ್ಡ್ ಔಟ್.

ಬುಲೆಟಿನ್ ಮುಗಿಸಿ ಮನೆಗೆ ಬಂದು ಸರಿಯಾಗಿ ಕೂತೆ. "ಎರರ್‌ನಲ್ಲಿ ಏನಿದೆ, ಅಕ್ಷರಕ್ಕೆ ಅಕ್ಷರ ಓದು" ಅಂದೆ. ಇದು ಮೊದಲ ಪಾಠ, ವೀಕ್ಷಕರೇ. ನಾವೆಲ್ಲಾ "ಏನೋ ಎರರ್ ಬಂತು" ಅಂತೀವಿ. ಆದರೆ ಒಂದೊಂದು ಎರರ್‌ಗೂ ಒಂದೊಂದು ಅರ್ಥ ಇದೆ. "ಅನ್‌ನೋನ್ ಹೋಸ್ಟ್" ಬಂದರೆ ನೀವು ಕೊಟ್ಟ ವಿಳಾಸವೇ ಸಿಗಲಿಲ್ಲ, ಒಂದಕ್ಷರ ತಪ್ಪಿರಬಹುದು. "ಔಟ್‌ಡೇಟೆಡ್ ಕ್ಲೈಂಟ್" ಬಂದರೆ ಇಬ್ಬರ ಆಟದ ವರ್ಷನ್ ಬೇರೆ ಬೇರೆ. "ಕನೆಕ್ಷನ್ ರೆಫ್ಯೂಸ್ಡ್" ಬಂದರೆ ಬಹುತೇಕ ಮನೆ ತನಕ ಹೋದಿರಿ, ಬಾಗಿಲು ತಟ್ಟಿದಿರಿ, ಆ ಬಾಗಿಲ ಹಿಂದೆ ಗೇಮ್ ಓಡ್ತಾ ಇಲ್ಲ. "ಟೈಮ್ಡ್ ಔಟ್" ಅಂದರೆ ತಟ್ಟಿದಿರಿ, ಕಾದಿರಿ, ಒಳಗಿನಿಂದ ಹೂಂ ಅಂತಲೂ ಇಲ್ಲ, ಊಹೂಂ ಅಂತಲೂ ಇಲ್ಲ. ದಾರಿಯಲ್ಲೆಲ್ಲೋ ನಿಮ್ಮ ಮಾತು ಕಳೆದುಹೋಗಿದೆ.

ಕಳೆದುಹೋಗಿದ್ದು ಎಲ್ಲಿ? ಎರಡನೇ ಪಾಠ: ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ನೋಡಬೇಕು. ಹುಬ್ಬಳ್ಳಿ ಹುಡುಗನಿಗೆ, "ಮನೆ ವೈಫೈ ಬಿಟ್ಟು ಅಮ್ಮನ ಫೋನಿನ ಹಾಟ್‌ಸ್ಪಾಟ್ ಹಾಕ್ಕೋ" ಅಂದೆ. ಮತ್ತೆ ಟೈಮ್ಡ್ ಔಟ್. ಎರಡು ಬೇರೆ ಬೇರೆ ನೆಟ್, ಎರಡರಲ್ಲೂ ಅದೇ ಎರರ್. ಹಾಗಾದರೆ ಅವನ ನೆಟ್ ಮೇಲೆ ಅನುಮಾನ ಪಡೋದು ಕಷ್ಟ.

ನಮ್ಮ ಹುಡುಗ ಒಪ್ಪಲಿಲ್ಲ. "ಮಾಮ, ನನ್ನ ಕಡೆ ಎಲ್ಲಾ ಸರಿ ಇದೆ. ಪಕ್ಕದ ರೂಮಿಂದ ತಮ್ಮ ಜಾಯಿನ್ ಆಗ್ತಾನಲ್ಲ!" ಅಂದ. ವಕೀಲರ ಥರ ಸಾಕ್ಷಿ ಕೊಟ್ಟ. "ಸರಿ. ಈಗ ತಮ್ಮನಿಗೂ ಅಮ್ಮನ ಫೋನಿನ ಹಾಟ್‌ಸ್ಪಾಟ್ ಕೊಡು, ಹುಬ್ಬಳ್ಳಿಗೆ ಕೊಟ್ಟ ವಿಳಾಸವನ್ನೇ ಅವನೂ ಹಾಕಲಿ" ಅಂದೆ.

ಅರ್ಧ ನಿಮಿಷ ಆ ಕಡೆ ಸದ್ದಿಲ್ಲ. ಆಮೇಲೆ ಸಣ್ಣ ದನಿ: "ಮಾಮ... ಇವನಿಗೂ ಟೈಮ್ಡ್ ಔಟ್."

ಅದೇ ಮನೆ. ಪಕ್ಕದ ರೂಮು. ಒಡಹುಟ್ಟಿದ ತಮ್ಮ. ಆದರೆ ಹೊರಗಿನಿಂದ ಬಂದ ಕೂಡಲೇ ಅವನಿಗೂ ಬಾಗಿಲು ತೆರೆಯಲಿಲ್ಲ. ತೊಂದರೆ ಹುಬ್ಬಳ್ಳಿಯಲ್ಲಿ ಇರಲಿಲ್ಲ. ಹಾಸನದಲ್ಲೇ ಇತ್ತು.

ಕಾರಣ ಏನು? ಇಲ್ಲಿ ಸ್ವಲ್ಪ ಎಂಜಿನಿಯರಿಂಗ್ ಮಾತಾಡ್ತೀನಿ, ಸಹಿಸಿಕೊಳ್ಳಿ. ಇಂಟರ್ನೆಟ್‌ನಲ್ಲಿ ಎಲ್ಲದಕ್ಕೂ ಒಂದು ಡೋರ್ ನಂಬರ್ ಬೇಕು. ಅದೇ ಐಪಿ ಅಡ್ರೆಸ್. ಹಳೇ ಪದ್ಧತಿಯಲ್ಲಿ, ಅಂದರೆ ಐಪಿ ವಿ4ನಲ್ಲಿ, ಇರೋದೇ ಒಟ್ಟು ಸುಮಾರು 429 ಕೋಟಿ ನಂಬರ್. ಭೂಮಿ ಮೇಲಿರೋ ಜನ 800 ಕೋಟಿಗೂ ಜಾಸ್ತಿ. ಒಬ್ಬೊಬ್ಬರ ಹತ್ತಿರ ಫೋನು, ಟೀವಿ, ಲ್ಯಾಪ್‌ಟಾಪು. 2011ರ ಫೆಬ್ರವರಿಯಲ್ಲೇ ಜಾಗತಿಕ ದಾಸ್ತಾನು ಖಾಲಿಯಾಯ್ತು. ಐಪಿ ವಿ6 ಅಂತ ಹೊಸ ಪದ್ಧತಿ ಬಂದಿದೆ, ಅದರಲ್ಲಿ ನಂಬರ್‌ಗೆ ಬರ ಇಲ್ಲ. ಆದರೆ ಹಳೆಯದು ಇನ್ನೂ ಹೋಗಿಲ್ಲ. ಹಾಗಾಗಿ ಇಂಟರ್ನೆಟ್ ಕಂಪನಿಗಳು ಒಂದು ಉಪಾಯ ಮಾಡಿದವು: ಒಂದೇ ನಂಬರನ್ನು ಹಲವು ಮನೆಗೆ ಹಂಚೋದು.

ಹಳೇ ಬೆಂಗಳೂರು, ಮೈಸೂರಿನ ವಠಾರ ನೆನಪಿಸಿಕೊಳ್ಳಿ. ಹೊರಗೆ ಒಂದೇ ಡೋರ್ ನಂಬರ್. ಒಳಗೆ ಹತ್ತು ಸಂಸಾರ. ಬಾಗಿಲಲ್ಲಿ ಒಬ್ಬ ಕಾವಲುಗಾರ ಅಂದ್ಕೊಳ್ಳಿ. ಒಳಗಿನವರು ಕಾಗದ ಬರೆದರೆ, ಯಾರು ಯಾರಿಗೆ ಬರೆದರು ಅಂತ ಗುರುತು ಹಾಕ್ಕೋತಾನೆ. ಉತ್ತರ ಬಂದರೆ ಸರಿಯಾದ ಮನೆಗೆ ಕೊಡ್ತಾನೆ. ಆದರೆ ಹೊರಗಿನವರು ತಾವಾಗಿ ಬಂದು ನಿಂತರೆ? ಯಾವ ಮನೆಗೆ ಬಂದವರು ಅಂತ ಅವನಿಗೆ ಗೊತ್ತಿಲ್ಲ. ಒಳಗೂ ಬಿಡಲ್ಲ, ವಾಪಸ್ ಹೋಗಿ ಅಂತಲೂ ಹೇಳಲ್ಲ. ಒಳಗೆ ಕೂತ ನಮ್ಮ ಹುಡುಗನಿಗೆ ಯಾರೋ ಬಂದಿದ್ದರು ಅನ್ನೋದೇ ಗೊತ್ತಾಗಲ್ಲ. ತಾಂತ್ರಿಕ ಭಾಷೆಯಲ್ಲಿ ಇದಕ್ಕೆ ಕ್ಯಾರಿಯರ್ ಗ್ರೇಡ್ ನ್ಯಾಟ್ ಅಂತಾರೆ.

ನೀವು ಯೂಟ್ಯೂಬ್ ನೋಡುವಾಗ ಇದರ ಸುಳಿವೇ ಸಿಗಲ್ಲ. ಅಲ್ಲಿ ಕಾಗದ ಬರೆಯೋರು ನೀವೇ. ಬಿಜಿಎಂಐ ಥರದ ಆಟದಲ್ಲೂ ನಿಮ್ಮ ಫೋನೇ ಕಂಪನಿಯ ಸರ್ವರ್‌ಗೆ ಹೋಗುತ್ತೆ. ಆದರೆ ನಿಮ್ಮ ಲ್ಯಾಪ್‌ಟಾಪೇ ಸರ್ವರ್ ಆಗಿ, ಬೇರೆಯವರು ನಿಮ್ಮ ಮನೆಗೆ ಬರಬೇಕು ಅಂದಾಗ ಗೋಡೆ ಅಡ್ಡ ಬರುತ್ತೆ. ನಮ್ಮ ಹುಡುಗ ವಿಡಿಯೋ ನೋಡಿ ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಮಾಡಿದ್ದ. 25565ನೇ ಬಾಗಿಲಿಗೆ ಬಂದವರನ್ನು ನನ್ನ ಲ್ಯಾಪ್‌ಟಾಪಿಗೆ ಕಳಿಸು ಅಂತ ತನ್ನ ಮನೆ ಬಾಗಿಲಿಗೆ ಹೇಳಿದ್ದ. ತಪ್ಪಿಲ್ಲ. ಆದರೆ ವಠಾರದ ಬಾಗಿಲು ಅವನ ಕೈಯಲ್ಲಿ ಇರಲಿಲ್ಲ.

ಇದನ್ನು ಪತ್ತೆ ಮಾಡೋದು ಸುಲಭ. ರೂಟರ್‌ನ ಪುಟದಲ್ಲಿ ವ್ಯಾನ್ ಐಪಿ ಅಂತ ಒಂದು ನಂಬರ್ ಇರುತ್ತೆ. ಗೂಗಲ್‌ನಲ್ಲಿ "ವಾಟ್ ಈಸ್ ಮೈ ಐಪಿ" ಅಂತ ಹುಡುಕಿದರೆ ಹೊರ ಜಗತ್ತಿಗೆ ಕಾಣೋ ನಂಬರ್ ಸಿಗುತ್ತೆ. ಐಪಿ ವಿ4 ನಂಬರ್ ಎರಡೂ ಕಡೆ ಒಂದೇ ಇದ್ದರೆ ನಿಮ್ಮದು ಸ್ವಂತ ಬಾಗಿಲು. ಬೇರೆ ಇದ್ದರೆ ಹೆಚ್ಚಾಗಿ ವಠಾರ. ಅದರಲ್ಲೂ ರೂಟರ್‌ನ ನಂಬರ್ 100.64ರಿಂದ 100.127ರ ಒಳಗೆ ಶುರುವಾದರೆ ಅನುಮಾನವೇ ಬೇಡ. ಆ ಸಾಲನ್ನು 2012ರಲ್ಲಿ ಇದಕ್ಕೇ ಅಂತ ಮೀಸಲಿಟ್ಟಿದ್ದಾರೆ. ನಮ್ಮ ಅಕ್ಕನ ಮನೆಯದು 100.72.

ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿದ್ವಿ. ಎರಡು ಸಲವೂ "ಸರ್, ರೂಟರ್ ರೀಸ್ಟಾರ್ಟ್ ಮಾಡಿ" ಅನ್ನೋದೇ ಉತ್ತರ. ಮೂರನೇ ಸಲ ಒಬ್ಬ ಪುಣ್ಯಾತ್ಮ ಇದ್ದದ್ದನ್ನು ಇದ್ದಂಗೆ ಹೇಳಿದ: "ಪಬ್ಲಿಕ್ ಐಪಿ ಬೇಕು ಅಂದ್ರೆ ತಿಂಗಳಿಗೆ ಎಕ್ಸ್‌ಟ್ರಾ ಕಟ್ಟಬೇಕು." ಭಾವ ಒಪ್ಪಲಿಲ್ಲ. ಆಟಕ್ಕೆ ಅಂತ ಇನ್ನೊಂದು ಬಿಲ್ಲೇ?

ಈಗ ಇನ್ನೊಂದು ವಿಷಯ. ಈ ಹತ್ತು ದಿನದಲ್ಲಿ ಹುಡುಗ ಇನ್ನೊಂದು ಕೆಲಸಕ್ಕೂ ಕೈ ಹಾಕಿದ್ದ. ಆನ್‌ಲೈನ್‌ನಲ್ಲಿ ಯಾರೋ ಒಬ್ಬ, "299 ರೂಪಾಯಿ ಕೊಡು, ಎರರ್ ಫಿಕ್ಸ್ ಮಾಡಿಕೊಡ್ತೀನಿ, ಈ ಆಪ್ ಹಾಕ್ಕೋ, ನಿನ್ನ ಸ್ಕ್ರೀನ್ ತೋರಿಸು" ಅಂದಿದ್ದ. ಅದೂ ಅಕ್ಕನ ಫೋನಿನಲ್ಲಿ. ಅದೇ ಫೋನಿನಲ್ಲಿ ಯುಪಿಐ ಇದೆ, ಬ್ಯಾಂಕ್ ಮೆಸೇಜ್ ಬರುತ್ತೆ. ಅಕ್ಕನ ಪುಣ್ಯ, ಫೋನ್ ಚಾರ್ಜ್ ಇರಲಿಲ್ಲ. ದಯವಿಟ್ಟು ಕೇಳಿಸಿಕೊಳ್ಳಿ: ಗೆಳೆಯನನ್ನು ಕಳ್ಕೋತಿದ್ದೀನಿ ಅಂತ ಹೆದರಿದ ಮಗು ಯಾರು ಏನು ಹೇಳಿದರೂ ಒತ್ತುತ್ತೆ. "ಪಿಂಗ್ ಬೂಸ್ಟರ್" ಅಂತ ಎಲ್ಲೆಲ್ಲಿಂದಲೋ ಎಪಿಕೆ ಫೈಲ್ ಹಾಕಿಸಬೇಡಿ. ಫೈರ್‌ವಾಲ್ ಪೂರ್ತಿ ಆಫ್ ಮಾಡು ಅನ್ನೋ ಸಲಹೆ ಕೇಳಬೇಡಿ. ಒಟಿಪಿ, ಸ್ಕ್ರೀನ್, ಪಾಸ್‌ವರ್ಡ್ ಯಾರಿಗೂ ಕೊಡಬೇಡಿ. ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ. ಅದು ಸೈಬರ್ ಕ್ರೈಂ ಸಹಾಯವಾಣಿ.

ನಿಮ್ಮ ಮಕ್ಕಳ ತೊಂದರೆ ಬೇರೆಯದ್ದೂ ಇರಬಹುದು. ಆಟಕ್ಕೆ ಸೇರ್ತಾರೆ, ಆದರೆ ನಡುವೆ ಸಿಕ್ಕಿಕೊಳ್ಳುತ್ತೆ. "100 ಎಂಬಿಪಿಎಸ್ ಹಾಕಿಸಿದ್ದೀನಿ, ಇನ್ನೇನು ಬೇಕು?" ಅಂತ ಅಪ್ಪ ರೇಗ್ತಾರೆ. ಎಂಬಿಪಿಎಸ್ ಅಂದರೆ ರಸ್ತೆಯ ಅಗಲ. ಆಟಕ್ಕೆ ಬೇಕಾಗಿರೋದು ಹೋಗಿ ಬರೋ ಸಮಯ, ಅದೇ ಪಿಂಗ್. ಗಾಜಿನ ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತೆ. ಸಾವಿರ ಕಿಲೋಮೀಟರ್ ದೂರದ ಸರ್ವರ್‌ಗೆ ಹೋಗಿ ಬರೋಕೆ ಕಡಿಮೆ ಅಂದರೂ 10 ಮಿಲಿಸೆಕೆಂಡ್ ಬೇಕು. ಅದನ್ನು ಯಾವ ಆಪೂ ಕಡಿಮೆ ಮಾಡಲ್ಲ. ನಮ್ಮ ಟೀವಿಯಲ್ಲೂ ನೋಡಿರ್ತೀರಿ. ನಾನು ಪ್ರಶ್ನೆ ಕೇಳ್ತೀನಿ, ಸ್ಥಳದಲ್ಲಿರೋ ವರದಿಗಾರ ಒಂದು ಕ್ಷಣ ಸುಮ್ಮನೆ ನಿಂತಿರ್ತಾನೆ. ಅವನಿಗೆ ಉತ್ತರ ಗೊತ್ತಿಲ್ಲ ಅಂತಲ್ಲ. 36 ಸಾವಿರ ಕಿಲೋಮೀಟರ್ ಮೇಲಿರೋ ಉಪಗ್ರಹಕ್ಕೆ ಹತ್ತಿ ಇಳಿದು ನನ್ನ ಪ್ರಶ್ನೆ ಇನ್ನೂ ಅವನ ಕಿವಿ ಮುಟ್ಟಿರಲ್ಲ.

ಮನೆಯಲ್ಲಿ ಮಾಡಬಹುದಾದ್ದು ಇಷ್ಟು. ಕಂಪ್ಯೂಟರ್‌ನಿಂದ ಮೊದಲು ನಿಮ್ಮ ರೂಟರ್‌ಗೇ ಪಿಂಗ್ ಮಾಡಿ ನೋಡಿ. ಅಲ್ಲೇ ಏರುಪೇರು ಇದ್ದರೆ ವೈಫೈ ತೊಂದರೆ. ಕೇಬಲ್ ಹಾಕಿ, ಇಲ್ಲವೇ 5 ಗಿಗಾಹರ್ಟ್ಸ್‌ಗೆ ಬದಲಾಯಿಸಿ. 2.4 ಗಿಗಾಹರ್ಟ್ಸ್‌ನಲ್ಲಿ ಪಕ್ಕದ ಮನೆ ವೈಫೈ, ಬ್ಲೂಟೂತ್, ಅಡುಗೆಮನೆಯ ಮೈಕ್ರೋವೇವ್ ಎಲ್ಲಾ ಒಂದೇ ದಾರಿಯಲ್ಲಿ ನುಗ್ತಿರ್ತವೆ. ಆಟದ ಹೊತ್ತಲ್ಲಿ ಯಾರಾದರೂ ಫೋಟೋ ಬ್ಯಾಕಪ್ ಹಾಕಿದ್ದಾರಾ ನೋಡಿ. ರೂಟರ್ ತನಕ ಎಲ್ಲಾ ಸರಿ ಇದ್ದು ಎಲ್ಲಾ ಆಟಗಳೂ ನಿಂತರೆ ಕಂಪನಿಗೆ ಫೋನ್ ಮಾಡಿ. ಒಂದೇ ಆಟ ನಿಂತರೆ ಆ ಆಟದ ಸರ್ವರ್ ಮಲಗಿರಬಹುದು. ಕಾಯಿರಿ, ರೂಟರನ್ನು ಹೊಡೆಯಬೇಡಿ.

ಈಗ ಹಾಸನಕ್ಕೆ ವಾಪಸ್. ಹುಬ್ಬಳ್ಳಿ ಹುಡುಗನ ಮನೆಯ ಎರಡೂ ನಂಬರ್ ನೋಡಿಸಿದೆ. ಒಂದೇ ಇತ್ತು. ಅವನದು ಸ್ವಂತ ಬಾಗಿಲು! ಹಾಗಾದರೆ ಉಪಾಯ ಸುಲಭ. ಸರ್ವರ್ ಅವನ ಮನೆಯಲ್ಲಿ ಓಡಲಿ, ನಮ್ಮ ಹುಡುಗ ಇಲ್ಲಿಂದ ಹೋಗಲಿ. ಒಳಗಿನಿಂದ ಹೊರಗೆ ಹೋಗೋರನ್ನು ವಠಾರದ ಕಾವಲುಗಾರ ತಡೆಯಲ್ಲ.

ಆದರೆ ಅದಕ್ಕೆ ಒಂದು ಕೆಲಸ ಆಗಬೇಕಿತ್ತು. ಎರಡು ವರ್ಷ ಕಟ್ಟಿದ ಆ ಊರಿನ ಫೋಲ್ಡರನ್ನು, ಕೆರೆ, ಬಸ್ ಸ್ಟ್ಯಾಂಡ್, ಸ್ಕೂಲ್ ಸಮೇತ, ಸುಳ್ಳುಗಾರ ಅಂತ ಬೈದ ಗೆಳೆಯನ ಕೈಗೇ ಕೊಡಬೇಕಿತ್ತು. ನಮ್ಮ ಹುಡುಗ ಒಂದು ರಾತ್ರಿ ಯೋಚನೆ ಮಾಡಿದ. ಬೆಳಗ್ಗೆ ಸ್ಕೂಲಿಗೆ ಹೋಗೋ ಮೊದಲು ಕಳಿಸಿದ. ಜೊತೆಗೆ ಒಂದು ಮೆಸೇಜ್: "ಪ್ರಾಬ್ಲಂ ನಮ್ಮನೇಲಿ ಇತ್ತು ಕಣೋ. ಸಾರಿ."

ಆವತ್ತು ರಾತ್ರಿ ಎಂಟಕ್ಕೆ ಹುಬ್ಬಳ್ಳಿ ಸರ್ವರ್ ಶುರುವಾಯ್ತು. ಬೇರೆ ಯಾರೂ ನುಗ್ಗದ ಹಾಗೆ ವೈಟ್‌ಲಿಸ್ಟ್ ಹಾಕಿಸಿದೆ. ಅದರಲ್ಲಿ ಮೂರೇ ಹೆಸರು. ಮೂರನೆಯದು ತಮ್ಮನದು, ಸಾಕ್ಷಿ ಹೇಳಿದ್ದಕ್ಕೆ.

ವೀಕ್ಷಕರೇ, ದಿನಾ ರಾತ್ರಿ ಈ ಕುರ್ಚಿಯಲ್ಲಿ ಕೂತು ನಾನು ಕೇಳೋ ಪ್ರಶ್ನೆ ಒಂದೇ: ತಪ್ಪು ಯಾರದು? ಉತ್ತರ ಹುಡುಕೋ ಮೊದಲೇ ಬೆರಳು ಎತ್ತಿರ್ತೀವಿ. ಆವತ್ತು ಹಾಸನದ ಹುಡುಗನೂ ಎತ್ತಿದ, ನಾನೂ ಎತ್ತಿದೆ. ಟೈಮ್ಡ್ ಔಟ್ ಅಂದರೆ ಉತ್ತರ ಬರಲಿಲ್ಲ ಅಂತ ಅಷ್ಟೇ. ಎದುರಿಗಿರೋನು ಉತ್ತರ ಕೊಡಲ್ಲ ಅಂದ ಅಂತ ಅಲ್ಲ. ನಿಮ್ಮ ಮಗನೋ ಮಗಳೋ "ಅವನು ಬೇಕಂತಲೇ ಬರ್ತಿಲ್ಲ" ಅಂತ ಮುಖ ಊದಿಸಿಕೊಂಡು ಕೂತಿದ್ದರೆ, ಪಕ್ಕ ಕೂತು ಒಂದು ಸಲ ಆ ಎರಡು ನಂಬರ್ ನೋಡಿ.