ಊರು ಸಣ್ಣದು, ತೀರ್ಮಾನ ಎಲ್ಲಿಯದು?

(ಮಧುಗಿರಿ ಭಾಗದ ಪದವಿ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹರೂಪ)



ಮಧುಗಿರಿಯಿಂದ ಪಾವಗಡಕ್ಕೆ ಬಸ್ಸು ಹತ್ತುವವರಿಗೆ ಒಂದು ಸಂಗತಿ ಎಷ್ಟು ರೂಢಿಯಾಗಿದೆಯೆಂದರೆ, ಅದು ಸೋಜಿಗ ಅನ್ನುವುದೇ ಮರೆತುಹೋಗಿದೆ. ಮಿಡಿಗೇಶಿ ದಾಟಿದ ಮೇಲೆ ಅಂಗಡಿಗಳ ಬೋರ್ಡು ತೆಲುಗಾಗುತ್ತವೆ. ಮಡಕಶಿರಾ ಬರುತ್ತದೆ. ಅದು ಆಂಧ್ರಪ್ರದೇಶ. ಇನ್ನಷ್ಟು ದೂರ ಹೋದರೆ ಮತ್ತೆ ಕರ್ನಾಟಕ, ಮತ್ತೆ ತುಮಕೂರು ಜಿಲ್ಲೆ. ಒಂದೇ ಜಿಲ್ಲೆಯ ಒಂದು ತಾಲ್ಲೂಕಿನಿಂದ ಇನ್ನೊಂದಕ್ಕೆ ಹೋಗಲು ನಾವು ಪರರಾಜ್ಯವನ್ನು ಹಾಯ್ದು ಹೋಗುತ್ತೇವೆ.

ನಕ್ಷೆ ಬಿಡಿಸಿ ನೋಡಿ. ಪಾವಗಡ ತಾಲ್ಲೂಕಿನ ಮೂರು ದಿಕ್ಕಿಗೂ ಆಂಧ್ರ. ಪಶ್ಚಿಮದಲ್ಲಿ ಮಾತ್ರ ಅದು ಕರ್ನಾಟಕಕ್ಕೆ ಅಂಟಿಕೊಂಡಿದೆ. ಆ ಅಂಟು ಕೂಡ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯೊಂದಿಗೆ. ತನ್ನ ಜಿಲ್ಲೆಯಾದ ತುಮಕೂರಿನ ನೆಲಕ್ಕೆ ಅದು ತಾಗುವುದೇ ಇಲ್ಲ. ಜಿಲ್ಲಾ ಕಚೇರಿ ಸುಮಾರು ನೂರು ಕಿಲೋಮೀಟರು ದೂರ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ಸೇರಿದ ಮಧುಗಿರಿ ಜಿಲ್ಲೆ ಬೇಕೆಂಬ ಕೂಗು ಹಳೆಯದು. ಆ ಕೂಗಿನ ಹಿಂದೆ ರಾಜಕೀಯ ಇದ್ದರೂ ಈ ನೂರು ಕಿಲೋಮೀಟರು ಇದೆ ಎನ್ನುವುದನ್ನು ಅಲ್ಲಗಳೆಯಲಾಗದು.

ಈ ಗೆರೆ ಎಳೆದವರು ಯಾರು? ಒಂದು ಕಾಲಕ್ಕೆ ಈ ನಾಡು ಇಡಿಯಾಗಿಯೇ ಇತ್ತು. ಪಾವಗಡ ಪಟ್ಟಣದ ಪಶ್ಚಿಮಕ್ಕಿರುವ ನಿಡುಗಲ್ ಬೆಟ್ಟ, ಅಂದರೆ ನಿಡಿದಾದ ಕಲ್ಲು, ಹನ್ನೆರಡು ಹದಿಮೂರನೇ ಶತಮಾನಗಳಲ್ಲಿ ಚೋಳ ವಂಶದವರೆಂದು ಹೇಳಿಕೊಳ್ಳುತ್ತಿದ್ದ ಅರಸರ ದುರ್ಗ. ಇರುಂಗೋಳ ಎಂಬ ಹೆಸರು ಆ ಮನೆತನದಲ್ಲಿ ಮತ್ತೆಮತ್ತೆ ಬರುತ್ತದೆ. 1904ರಲ್ಲಿ ಬಿ.ಎಲ್. ರೈಸ್ ಹೊರತಂದ ತುಮಕೂರು ಜಿಲ್ಲೆಯ ಶಾಸನ ಸಂಪುಟದಲ್ಲಿ ಈ ಬೆಟ್ಟದ ಶಾಸನಗಳಿವೆ. 1232ರಲ್ಲಿ ಇಲ್ಲೊಂದು ಪಾರ್ಶ್ವನಾಥ ಬಸದಿ ಕಟ್ಟಿಸಿದ ವಿವರವೂ ಅದರಲ್ಲಿದೆ. ಅವರ ಇನ್ನೊಂದು ನೆಲೆ ಹೆಂಜೇರು. ಅದಕ್ಕೂ ಮುಂಚೆ ನೊಳಂಬರ ರಾಜಧಾನಿಯಾಗಿದ್ದ ಆ ಹೆಂಜೇರೇ ಇಂದಿನ ಹೇಮಾವತಿ. ನಿಡುಗಲ್ಲಿನಿಂದ ಹೆಚ್ಚು ದೂರವೇನಿಲ್ಲ. ಆದರೆ ಅದೀಗ ಆಂಧ್ರದಲ್ಲಿದೆ. 2022ರವರೆಗೆ ಅನಂತಪುರ ಜಿಲ್ಲೆ, ಆ ಮೇಲೆ ಶ್ರೀ ಸತ್ಯಸಾಯಿ ಜಿಲ್ಲೆ.

ಟಿಪ್ಪು ಸುಲ್ತಾನ್ 1799ರಲ್ಲಿ ಮಡಿದ ಮೇಲೆ ಮೈಸೂರು ರಾಜ್ಯದ ಹಂಚಿಕೆ ನಡೆಯಿತು. ಪೆನುಕೊಂಡ, ಮಡಕಶಿರಾ ಕಡೆಯ ಸೀಮೆ ನಿಜಾಮರಿಗೆ ಹೋಯಿತು. ಅವರು ಮರುವರ್ಷವೇ, 1800ರಲ್ಲಿ, ಅದನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟರು. ಪಾವಗಡ ಮೈಸೂರಿನಲ್ಲಿ ಉಳಿಯಿತು. ಅಂದು ಕಾಗದದ ಮೇಲೆ ಬಿದ್ದ ಗೆರೆಯೇ ಮುಂದೆ ಮದರಾಸು ಮತ್ತು ಮೈಸೂರುಗಳ ಗಡಿಯಾಯಿತು. 1956ರಲ್ಲಿ ಭಾಷಾವಾರು ರಾಜ್ಯಗಳಾದಾಗಲೂ ಬಹುಮಟ್ಟಿಗೆ ಹಾಗೆಯೇ ನಿಂತಿತು. ಪಾವಗಡದ ಎಷ್ಟೋ ಮನೆಗಳಲ್ಲಿ ತೆಲುಗು ಮಾತು, ಕಚೇರಿಯಲ್ಲಿ ಕನ್ನಡ. ಗಡಿಯಾಚೆ ಅಮರಾಪುರ, ರೊಳ್ಳ ಕಡೆಯ ಮನೆಗಳಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು. ಮದುವೆ ಸಂಬಂಧಗಳು ಮಾತ್ರ ಈ ಗೆರೆಯನ್ನು ಕೇಳಿ ನಡೆಯುವುದಿಲ್ಲ.

ಇಂಥ ನಡುಗಡ್ಡೆಗಳು ಬೇರೆ ಕಡೆಯೂ ಇವೆ. ಜರ್ಮನಿಗೆ ಸೇರಿದ ಬ್ಯೂಸಿಂಗೆನ್ ಎಂಬ ಹಳ್ಳಿಯ ಸುತ್ತಲೂ ಸ್ವಿಟ್ಜರ್ಲೆಂಡ್ ಇದೆ. ಜನಸಂಖ್ಯೆ ಸುಮಾರು ಒಂದೂವರೆ ಸಾವಿರ. ಅಲ್ಲಿ ಎರಡು ದೇಶಗಳ ಪಿನ್‌ಕೋಡೂ ನಡೆಯುತ್ತದೆ, ಎರಡು ದೇಶಗಳ ಟೆಲಿಫೋನೂ ನಡೆಯುತ್ತದೆ. ಆ ಒಂದು ಹಳ್ಳಿಗಾಗಿ ಎರಡು ದೇಶಗಳು ಕೂತು ಒಪ್ಪಂದ ಮಾಡಿಕೊಂಡವು. 1967ರಿಂದ ಅದು ಜಾರಿಯಲ್ಲಿದೆ. ನಮ್ಮಲ್ಲಿ ಎರಡು ರಾಜ್ಯಗಳ ನಡುವೆ ಬಸ್ಸಿನ ಪರ್ಮಿಟ್ಟಿನ ಮಾತುಕತೆಯೇ ದೊಡ್ಡ ಸುದ್ದಿ!

ಸ್ವಿಟ್ಜರ್ಲೆಂಡ್ ಹೆಸರು ಬಂದದ್ದರಿಂದ ಅಲ್ಲಿನದೇ ಇನ್ನೊಂದು ಊರಿನ ವಿಷಯ ಹೇಳುತ್ತೇನೆ. ಆಲ್ಪ್ಸ್ ಪರ್ವತದ ಕಣಿವೆಯೊಂದರಲ್ಲಿ, ಗ್ರೌಬ್ಯುಂಡೆನ್ ಎಂಬ ಪ್ರಾಂತ್ಯದಲ್ಲಿ, ವಾಲ್ಸ್ ಎಂಬ ಊರಿದೆ. ವಿಸ್ತೀರ್ಣ ಸುಮಾರು 175 ಚದರ ಕಿಲೋಮೀಟರು, ಅದರಲ್ಲಿ ಬಹುಪಾಲು ಬಂಡೆ, ಹಿಮ, ಹುಲ್ಲುಗಾವಲು. ಜನ ಒಂದು ಸಾವಿರದಷ್ಟು. ನಮ್ಮ ಲೆಕ್ಕದಲ್ಲಿ ಅದು ಪಂಚಾಯಿತಿಯೂ ಆಗುವುದಿಲ್ಲ. 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯಿದೆಯ ಪ್ರಕಾರ ಬಯಲುಸೀಮೆಯಲ್ಲಿ ಒಂದು ಗ್ರಾಮ ಪಂಚಾಯಿತಿಗೆ 5,000ದಿಂದ 7,000 ಜನ ಇರಬೇಕು. 400 ಜನಕ್ಕೆ ಒಬ್ಬ ಸದಸ್ಯ. ಅಂದರೆ ವಾಲ್ಸ್ ಊರು ನಿಡಗಲ್ ಹೋಬಳಿಯಲ್ಲಿದ್ದಿದ್ದರೆ, ಪಕ್ಕದ ನಾಲ್ಕಾರು ಹಳ್ಳಿಗಳೊಂದಿಗೆ ಸೇರಿ, ಎರಡು ಮೂರು ಸದಸ್ಯರನ್ನು ಕಳಿಸಿ ಸುಮ್ಮನಿರಬೇಕಿತ್ತು.

ಅಲ್ಲಿ ಹಾಗಿಲ್ಲ. ಆ ಸಾವಿರ ಜನರೇ ಒಂದು ಪೂರ್ಣ ಪುರಸಭೆ. ಆದಾಯ ತೆರಿಗೆಯ ಒಂದು ಪಾಲನ್ನು ಊರೇ ವಿಧಿಸುತ್ತದೆ. ಮತದಾರರೆಲ್ಲ ಸೇರುವ ಊರ ಸಭೆಯಲ್ಲಿ ದೊಡ್ಡ ತೀರ್ಮಾನಗಳಾಗುತ್ತವೆ. ವಾಲ್ಸ್ ಊರು 1983ರಲ್ಲಿ ದಿವಾಳಿಯಾಗಿದ್ದ ಬಿಸಿನೀರ ಬುಗ್ಗೆಯ ಹೋಟೆಲೊಂದನ್ನು ತಾನೇ ಕೊಂಡುಕೊಂಡಿತು. ಪೀಟರ್ ಜುಮ್‌ಥೋರ್ ಎಂಬ ವಾಸ್ತುಶಿಲ್ಪಿಯಿಂದ ಅಲ್ಲೊಂದು ಸ್ನಾನಗೃಹ ಕಟ್ಟಿಸಿ 1996ರಲ್ಲಿ ತೆರೆಯಿತು. ಅದನ್ನು ನೋಡಲು ಈಗ ಲೋಕದ ಮೂಲೆಮೂಲೆಯಿಂದ ಜನ ಬರುತ್ತಾರೆ. ಅದನ್ನು ಮಾರಬೇಕೇ ಎಂಬ ಪ್ರಶ್ನೆ 2012ರಲ್ಲಿ ಬಂದಾಗ ಊರ ಸಭೆಯೇ ಮತ ಹಾಕಿ ಮಾರಿತು. ಮಾರಿದ್ದು ಸರಿಯೇ ತಪ್ಪೇ ಎಂಬ ವಾದ ಬೇರೆ. ವಾದ ಮಾಡಿದವರೂ ಕೈ ಎತ್ತಿದವರೂ ಊರಿನವರೇ.

ಹಾಗೆಂದು ಸ್ವಿಟ್ಜರ್ಲೆಂಡ್ ಎಂದರೆ ಕೈಮುಗಿಯಬೇಕಾಗಿಲ್ಲ. ಅಬ್ದುಲ್ ನಜೀರ್ ಸಾಬ್ ಅವರು ರೂಪಿಸಿದ 1983ರ ಕಾಯಿದೆಯಂತೆ ನಮ್ಮ ಮಂಡಲ ಪಂಚಾಯಿತಿಗಳಿಗೆ 1987ರ ಜನವರಿಯಲ್ಲಿ ಚುನಾವಣೆ ನಡೆದಾಗ ನೂರಕ್ಕೆ ಇಪ್ಪತ್ತೈದು ಸ್ಥಾನ ಹೆಂಗಸರಿಗೆ ಮೀಸಲಾಗಿತ್ತು. ಅದೇ ವರ್ಷ ಸ್ವಿಟ್ಜರ್ಲೆಂಡಿನ ಆಪೆನ್‌ಸೆಲ್ ಇನ್ನರ್‌ರೋಡೆನ್ ಪ್ರಾಂತ್ಯದಲ್ಲಿ ಹೆಂಗಸರಿಗೆ ಪ್ರಾಂತ್ಯದ ವ್ಯವಹಾರದಲ್ಲಿ ಮತದ ಹಕ್ಕೇ ಇರಲಿಲ್ಲ. ಅಲ್ಲಿನ ಗಂಡಸರು ಒಪ್ಪದೆ, 1990ರಲ್ಲಿ ನ್ಯಾಯಾಲಯ ಹೇಳಿದ ಮೇಲಷ್ಟೇ ಅದು ಸಿಕ್ಕಿತು. ಈಗ ನಮ್ಮ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರದು. ಊರ ಸಭೆ ಇದ್ದ ಮಾತ್ರಕ್ಕೆ ಊರಿನವರೆಲ್ಲರ ಮಾತು ನಡೆಯುತ್ತದೆ ಎಂದಲ್ಲ.

ಸಣ್ಣ ಊರುಗಳ ಕಷ್ಟ ಅಲ್ಲಿಯೂ ಇದೆ. ಜನ ಸಾಲದು, ಕೆಲಸಕ್ಕೆ ನಿಲ್ಲುವವರು ಸಿಗುವುದಿಲ್ಲ. ಗ್ಲಾರುಸ್ ಪ್ರಾಂತ್ಯದ ಜನ 2006ರಲ್ಲಿ ಬಯಲಲ್ಲಿ ಸಭೆ ಸೇರಿ ತಮ್ಮ 25 ಊರಾಡಳಿತಗಳನ್ನು ಮೂರಕ್ಕೆ ಇಳಿಸಲು ಒಪ್ಪಿದರು; 2011ರಿಂದ ಅದು ಜಾರಿಗೆ ಬಂತು. ನಾವು ಹೋಗಿದ್ದು ತಿರುವುಮುರುವು: ಎರಡೂವರೆ ಸಾವಿರದಷ್ಟಿದ್ದ ಮಂಡಲಗಳನ್ನು ಒಡೆದು ಇಂದು ಆರು ಸಾವಿರದ ಆಸುಪಾಸು ಗ್ರಾಮ ಪಂಚಾಯಿತಿಗಳಾಗಿವೆ. ಅಲ್ಲಿ ಕೂಡಿಸಿದ್ದನ್ನೂ ಜನರನ್ನು ಕೇಳಿ ಕೂಡಿಸಿದರು. ಇಲ್ಲಿ ಒಡೆದದ್ದನ್ನು ಬೆಂಗಳೂರಿನಲ್ಲಿ ಒಡೆದರು.

ನಮ್ಮ ಜನಸಂಖ್ಯೆಯ ಲೆಕ್ಕ ನೋಡೋಣ. ತುಮಕೂರು ಜಿಲ್ಲೆಯಲ್ಲಿ 2001ರಲ್ಲಿ 25,84,711 ಜನರಿದ್ದರು, 2011ರಲ್ಲಿ 26,78,980. ಹತ್ತು ವರ್ಷದಲ್ಲಿ ರಾಜ್ಯ ನೂರಕ್ಕೆ ಹದಿನೈದರಷ್ಟು ಬೆಳೆದರೆ ಜಿಲ್ಲೆ ಬೆಳೆದದ್ದು ನೂರಕ್ಕೆ ನಾಲ್ಕೂ ಇಲ್ಲ. ಅದರಲ್ಲೂ ಸುಮಾರು ಅರ್ಧ ತುಮಕೂರು ನಗರದ ಪಾಲು. ಇನ್ನು ಹಳ್ಳಿಗಳ ಪಾಲಿಗೆ ಉಳಿದದ್ದೆಷ್ಟು? ಸುಮಾರು ಎರಡೂವರೆ ಲಕ್ಷ ಜನರ ಪಾವಗಡ ತಾಲ್ಲೂಕಿನ ಹಳ್ಳಿಗಳಲ್ಲಿ ಬೀಗ ಜಡಿದ ಮನೆಗಳನ್ನು ನಾನು ಎಣಿಸಿಲ್ಲ, ನೀವೆಲ್ಲ ನೋಡಿದ್ದೀರಿ. ಬೆಂಗಳೂರಿನ ಕಟ್ಟಡ ಕೆಲಸಕ್ಕೂ ಗಾರ್ಮೆಂಟ್ಸಿಗೂ ಹೋದವರ ಮನೆಗಳು ಅವು. 2021ರಲ್ಲಿ ಆಗಬೇಕಿದ್ದ ಜನಗಣತಿ ಮುಂದಕ್ಕೆ ಹೋದದ್ದರಿಂದ ಪಂಚಾಯಿತಿಗಳು ವರ್ಷಗಟ್ಟಲೆ ಹಳೆಯ ಎಣಿಕೆಯ ಮೇಲೆಯೇ ಯೋಜನೆ ಮಾಡಬೇಕಾಯಿತು.

ಜನ ಹೋಗುವುದಕ್ಕೆ ಕಾರಣ ಆಕಾಶದಲ್ಲೂ ಇದೆ, ನೆಲದೊಳಗೂ ಇದೆ. ಮಳೆ ವರ್ಷಕ್ಕೆ ಐನೂರು ಮಿಲಿಮೀಟರಿನ ಆಸುಪಾಸು, ಅದೂ ನಂಬುವಂತಿಲ್ಲ. ಉತ್ತರ ಪಿನಾಕಿನಿ ನಾಗಲಮಡಿಕೆಯ ಮೇಲೆ ಹಾದುಹೋಗುತ್ತದೆ. ಹೆಚ್ಚಿನ ಕಾಲ ಅದು ಮರಳಿನ ಹಾದಿ. ನೆಲಗಡಲೆ ಬೆಳೆ ಕೈಕೊಟ್ಟಾಗ ಕೊಳವೆಬಾವಿ ಕೊರೆದರು. ಆಳಕ್ಕೆ ಹೋದಂತೆ ಸಿಕ್ಕಿದ್ದು ಫ್ಲೋರೈಡ್ ಬೆರೆತ ನೀರು. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಬಾರದು ಎನ್ನುತ್ತಾರೆ. ಮೀರಿದ ನೀರು ಕುಡಿದವರ ಹಲ್ಲಿನ ಕಂದು ಗೆರೆ, ಸೆಟೆದ ಮಂಡಿ ಪಾವಗಡ ಸೀಮೆಗೆ ಹೊಸತಲ್ಲ. 2002ರಲ್ಲಿ ವರದಿ ಕೊಟ್ಟ ಡಿ.ಎಂ. ನಂಜುಂಡಪ್ಪ ಸಮಿತಿ ಈ ತಾಲ್ಲೂಕನ್ನು ಅತ್ಯಂತ ಹಿಂದುಳಿದವುಗಳ ಸಾಲಿನಲ್ಲಿ ಇಟ್ಟಿತು. ಊರೂರಿಗೆ ಶುದ್ಧ ನೀರಿನ ಘಟಕ ಬಂದವು. ತುಂಗಭದ್ರಾ ಹಿನ್ನೀರನ್ನು ಕೊಳವೆಯಲ್ಲಿ ತರುವ ದೊಡ್ಡ ಯೋಜನೆಯೂ ಬಂತು.

ಇಲ್ಲೊಂದು ಮಾತನ್ನು ಗಮನಿಸಿ. ಈ ನೀರಿನ ವಿಷಯದಲ್ಲಿ ಗ್ರಾಮ ಪಂಚಾಯಿತಿಯ ಪಾಲು ಏನು? ಘಟಕ ಕೆಟ್ಟರೆ ಬೈಸಿಕೊಳ್ಳುವುದು. ಸದಸ್ಯರ ಮನೆ ಮುಂದೆ ಕೊಡ ಹಿಡಿದು ನಿಲ್ಲುತ್ತಾರೆ, ಏಕೆಂದರೆ ಕೈಗೆ ಸಿಗುವ ಸರ್ಕಾರ ಅವರೊಬ್ಬರೇ. ಹಣ ಎಲ್ಲಿಂದ? ಮನೆ ಕಂದಾಯ, ನೀರಿನ ಕರ ವಸೂಲಾದಷ್ಟು. ಉಳಿದದ್ದು ಮೇಲಿನಿಂದ ಬರುವ ಅನುದಾನ, ತಲೆಬರಹ ಹಾಕಿಯೇ ಬರುತ್ತದೆ. ಹದಿನೈದನೇ ಹಣಕಾಸು ಆಯೋಗದ 2021ರಿಂದ 26ರವರೆಗಿನ ಅನುದಾನದಲ್ಲಿ ನೂರಕ್ಕೆ ಅರವತ್ತು ಭಾಗ ನೀರು, ನೈರ್ಮಲ್ಯಕ್ಕೇ ಎಂದು ದೆಹಲಿಯಲ್ಲೇ ಗೊತ್ತಾಗಿತ್ತು. ಪಾವಗಡಕ್ಕೆ ಅದು ಬೇಕಾದದ್ದೇ, ಒಪ್ಪೋಣ. ಆದರೆ ಕೇಳಿ ಕೊಟ್ಟದ್ದಲ್ಲ. ಮೇಲಿನ ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳ ಗತಿ ಇನ್ನೂ ಕಷ್ಟ: 2016ರಲ್ಲಿ ಆರಿಸಿಬಂದವರ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಳ ಕಾಲ ಚುನಾವಣೆಯೇ ಇಲ್ಲದೆ ಅಧಿಕಾರಿಗಳ ಆಡಳಿತ ನಡೆಯಿತು.

ಇನ್ನು ಬಿಸಿಲು. ಮಳೆ ಕೊಡದ ಆಕಾಶ ಬಿಸಿಲನ್ನು ಧಾರಾಳವಾಗಿ ಕೊಟ್ಟಿದೆ. ನಾಗಲಮಡಿಕೆ ಹೋಬಳಿಯ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಸೌರ ವಿದ್ಯುತ್ ಪಾರ್ಕ್ ಬಂತು. ಅದಕ್ಕೆಂದೇ 2015ರಲ್ಲಿ ನಿಗಮವೊಂದು ಹುಟ್ಟಿತು. ಮೊದಲ ಹಂತ 2018ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು. 2019ರ ಕೊನೆಗೆ 2,050 ಮೆಗಾವಾಟ್ ಪೂರ್ಣವಾಯಿತು. ಜಮೀನು ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು ಎನ್ನುವುದು ಇದರ ಹೆಗ್ಗಳಿಕೆ, ಅದು ನಿಜವೂ ಹೌದು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಂತೆ ಏರಿಕೆ. ನೆಲಗಡಲೆಯಲ್ಲಿ ಬಡ್ಡಿಯೂ ಹುಟ್ಟದಿದ್ದ ಹೊಲಕ್ಕೆ ಇದು ಸಣ್ಣ ಮಾತಲ್ಲ. ಆದರೆ ಬಾಡಿಗೆ ಬರುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲದಲ್ಲಿ ಕೂಲಿಗೆ ಹೋಗುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಹೊಲ ಹೋಯಿತು, ಬಾಡಿಗೆ ಬರಲಿಲ್ಲ. ಒಪ್ಪಂದ ರೈತನಿಗೂ ನಿಗಮಕ್ಕೂ ನಡುವಿನದು. ಊರು ಅದರಲ್ಲಿ ಕಕ್ಷಿಯಲ್ಲ.

ವಾಲ್ಸ್ ಊರಿನ ಮೇಲೆಯೂ ಒಂದು ಅಣೆಕಟ್ಟಿದೆ, ತ್ಸೆರ್ವ್ರೈಲ ಎಂದು ಹೆಸರು, 1957ರಲ್ಲಿ ಮುಗಿದದ್ದು. ಆ ಪ್ರಾಂತ್ಯದಲ್ಲಿ ಹರಿಯುವ ನೀರಿನ ಹಕ್ಕು ಊರಾಡಳಿತದ್ದು. ವಿದ್ಯುತ್ ಕಂಪೆನಿ ನೀರು ಬಳಸಬೇಕಾದರೆ ಊರಿನಿಂದ ಪರವಾನಗಿ ಪಡೆಯಬೇಕು, ವರ್ಷವರ್ಷ ನೀರಿನ ಕರ ಕಟ್ಟಬೇಕು. ಅದಕ್ಕೆ ದೇಶದ ಕಾನೂನು ಹಾಕಿದ ಮಿತಿ 2015ರಿಂದ ಕಿಲೋವಾಟಿಗೆ 110 ಫ್ರಾಂಕ್. ಅದನ್ನು ಪ್ರಾಂತ್ಯವೂ ಊರುಗಳೂ ಹಂಚಿಕೊಳ್ಳುತ್ತವೆ. ಊರಿನ ಪಾಲು ಊರಿನ ಲೆಕ್ಕಕ್ಕೆ ಬೀಳುತ್ತದೆ, ಹೊಲವಿದ್ದವನು ಇಲ್ಲದವನು ಎಂಬ ಭೇದವಿಲ್ಲದೆ. ನಮ್ಮ ಬಿಸಿಲು ಯಾರ ಹಕ್ಕು ಎಂದು ಕೇಳಿದರೆ ನೀವು ನಗಬಹುದು. ನದಿ ನೀರಿನ ಬಗ್ಗೆಯೂ ಹಿಂದೆ ಹೀಗೆಯೇ ನಕ್ಕಿರಬೇಕು.

ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕೆಂದು ಕಾಯಿದೆ ಇದೆ. ಫಲಾನುಭವಿಗಳ ಪಟ್ಟಿ ಓದಿ, ಸಹಿ ಹಾಕಿಸಿ ಮುಗಿಸುವ ಸಭೆಗಳನ್ನು ವರದಿಗಾರನಾಗಿ ನಾನು ಕಂಡಿದ್ದೇನೆ. ಗಲಾಟೆಯಾಗದಿದ್ದರೆ ಅದು ಸುದ್ದಿಯೂ ಅಲ್ಲ. ಮನೆ ಯಾರಿಗೆ, ಚರಂಡಿ ಎಲ್ಲಿ ಎಂಬುದು ಅಲ್ಲಿ ಚರ್ಚೆಗೆ ಬರುತ್ತದೆ. ಕೂಲಿ ಕಳೆದುಕೊಂಡವರ ಪಾಲೇನು, ಪಾರ್ಕಿನಿಂದ ಊರಿಗೆ ಬರಬೇಕಾದದ್ದೇನು ಎಂಬುದು ಚರ್ಚೆಗೆ ಬಂದರೂ, ಅದರ ಮೇಲೆ ತೀರ್ಮಾನ ಮಾಡುವ ಅಧಿಕಾರ ಆ ಸಭೆಗಿಲ್ಲ.

ಸ್ವಿಟ್ಜರ್ಲೆಂಡಿನಲ್ಲಿ ಇಂಥ ಪರವಾನಗಿಯ ಅವಧಿ ಹೆಚ್ಚೆಂದರೆ 80 ವರ್ಷ. ಅದು ಮುಗಿದಾಗ ಅಣೆಕಟ್ಟು, ಸುರಂಗ, ನೀರಿನ ಯಂತ್ರಗಳನ್ನು ಬಿಡಿಕಾಸಿಲ್ಲದೆ ವಾಪಸು ಪಡೆಯುವ ಹಕ್ಕು ಪರವಾನಗಿ ಕೊಟ್ಟವರದು. ಪಾವಗಡದ ಗುತ್ತಿಗೆ 28 ವರ್ಷಗಳದು. 2040ರ ದಶಕದ ನಡುವೆ ಅದು ಮುಗಿಯುವ ಹೊತ್ತಿಗೆ ಸಹಿ ಹಾಕಿದ ಬಹುಪಾಲು ರೈತರು ಇರಲಿಕ್ಕಿಲ್ಲ. ತಿರುಮಣಿಯ ಶಾಲೆಯಲ್ಲಿ ಈಗ ಕಾಗುಣಿತ ಬರೆಯುತ್ತಿರುವವರು ಆಗ ಮಾತುಕತೆಗೆ ಕೂರುತ್ತಾರೆ, ಊರಿನಲ್ಲೇ ಉಳಿದಿದ್ದರೆ.